ಐದನೆಯ ಅಳತೆ

ಸಮುದ್ರಕ್ಕೆ ಹೋಗುವವರು ಟೋಪಿ, ಕಪ್ಪು ಕನ್ನಡಕ, ಒಂದು ಜೊತೆ ಒಣಬಟ್ಟೆ ಒಯ್ಯುತ್ತಾರೆ. ತಗಾದೆ ಮತ್ತು ಮಾಮ ಒಯ್ದಿದ್ದು ಎರಡು ಮರದ ಕೋಲು, ಎರಡು ಮೀಟರ್ ಹಗ್ಗ, ಒಂದು ನೋಟ್‌ಬುಕ್ಕು, ಮತ್ತೆ ಹಾಸ್ಟೆಲ್ ಮೆಸ್ಸಿನಿಂದ ಪೇಪರಿನಲ್ಲಿ ಸುತ್ತಿ ತಂದ ನಾಲ್ಕು ತುಂಡು ಬ್ರೆಡ್ಡು. ಬಸ್ಸಿನಲ್ಲಿ ಕೋಲುಗಳಿಗೂ ಟಿಕೆಟ್ ಕೇಳಿದ ಕಂಡಕ್ಟರನ ಜೊತೆ ತಗಾದೆ ಹನ್ನೊಂದು ಸ್ಟಾಪು ಜಗಳವಾಡಿದಳು. ಹನ್ನೆರಡನೆಯ ಸ್ಟಾಪಿನಲ್ಲಿ ಅವನೇ ಸೋತು ಹಿಂದಿನ ಸೀಟಿಗೆ ಹೋಗಿ ಕೂತ. ಹೆಸರು ಬಂದದ್ದೇ ಹೀಗೆ. ಬಲ್ಬಿನಿಂದ ಹಿಡಿದು ಬಕೆಟ್ಟಿನವರೆಗೆ ವಾರ್ಡನ್ ಮುಂದೆ ಅವಳು ಎತ್ತದ ತಕರಾರಿಲ್ಲ. ಹಾಸ್ಟೆಲಿನ ಹುಡುಗಿಯರು ಎರಡನೇ ತಿಂಗಳಿಗೇ ತಗಾದೆ ಅಂತ ಕರೆದು, ಅಪ್ಪ ಅಮ್ಮ ಇಟ್ಟ ಹೆಸರನ್ನು ಹಾಜರಿ ಪುಸ್ತಕಕ್ಕೆ ಬಿಟ್ಟುಬಿಟ್ಟಿದ್ದರು.

ಮಾಮ ಯಾರಿಗೂ ಮಾಮನಲ್ಲ. ಅವಳ ಕ್ಲಾಸ್‌ಮೇಟು. ಆರು ವರ್ಷ ಯಾವುದೋ ಆಫೀಸಿನಲ್ಲಿ ಫೈಲು ಕಟ್ಟಿ, ಸಾಕಾಗಿ ಎಂ.ಎ. ಸೇರಿದವನು. ಇಪ್ಪತ್ತೊಂಬತ್ತಕ್ಕೇ ಮುಂದಲೆಯ ಕೂದಲು ಹಿಂದೆ ಸರಿದಿತ್ತು. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವ, ಜೇಬಿಗೆ ಪೆನ್ನು ಚುಚ್ಚುವ, ಯಾರು ಏನು ಕೇಳಿದರೂ ಮೊದಲು "ಹೂಂ" ಅಂದು ಸುಮ್ಮನಾಗುವ ಅಭ್ಯಾಸಗಳು ಆಫೀಸಿನಿಂದ ಅವನ ಜೊತೆಗೇ ಬಂದಿದ್ದವು.

ಇಬ್ಬರದೂ ಭೂಗೋಳ. ತಗಾದೆಯ ಪ್ರಬಂಧ ಒಂದೇ ಪ್ರಶ್ನೆಯದು: ಈ ದಂಡೆ ವರ್ಷದಲ್ಲಿ ಎಷ್ಟು ಕರಗುತ್ತದೆ, ಎಷ್ಟು ಮತ್ತೆ ತುಂಬಿಕೊಳ್ಳುತ್ತದೆ? ಮೂರು ತಿಂಗಳಿಗೊಮ್ಮೆ ಬಂದು, ನೀರು ತೀರಾ ಹಿಂದೆ ಸರಿದ ಹೊತ್ತಿನಲ್ಲಿ, ಒಂದು ಗುರುತಿನ ಕಲ್ಲಿನಿಂದ ನೀರಿನ ಅಂಚಿನವರೆಗೆ ಅಳೆಯಬೇಕು. ಹೋದ ವರ್ಷ ಇದೇ ತಿಂಗಳು ಮೊದಲನೆಯದು. ಆಮೇಲೆ ಮೂರು. ಇವತ್ತಿನದು ಐದನೆಯದು, ವರ್ಷ ತುಂಬುವ ಅಳತೆ. "ನಾಲ್ಕು ಅಳೆದರೆ ಕತೆ, ಐದನೆಯದು ಅಳೆದರೆ ವಿಜ್ಞಾನ. ಐದಿಲ್ಲದಿದ್ದರೆ ನನ್ನ ಸಹಿ ಇಲ್ಲ," ಅಂತ ಅವಳ ಗೈಡು ಕುರ್ಚಿಯಲ್ಲಿ ಒರಗಿ ಹೇಳಿದ್ದರು. ನೀರು ಇವತ್ತು ಮಧ್ಯಾಹ್ನ ಒಂದು ಹತ್ತಕ್ಕೆ ಪೂರ್ತಿ ಇಳಿಯುತ್ತದೆ. ಇಂಥದ್ದೇ ಇಳಿತ ಮತ್ತೆ ಬರುವ ಹೊತ್ತಿಗೆ ಪ್ರಬಂಧ ಕೊಡುವ ದಿನ ದಾಟಿರುತ್ತದೆ. ಸಹಿ ತಪ್ಪಿದರೆ ಅರ್ಧ ವರ್ಷ ಹೋಯಿತು, ಅದರ ಹಿಂದೆಯೇ ಹಾಸ್ಟೆಲಿನ ಮಂಚವೂ ಹೋಯಿತು.

ಮೊದಲ ಸಲ ಬಂದಾಗ ಇಲ್ಲಿ ನಾಯಿಗಳು ಮಲಗಿದ್ದವು. ಮೂರನೇ ಸಲಕ್ಕೆ ತಗಡಿನ ಬೇಲಿ ಎದ್ದಿತ್ತು. ಈಗ ನಾಯಿಯೂ ಇಲ್ಲ, ತಗಡೂ ಇಲ್ಲ. ದೊಡ್ಡವರ ಜಾಗವಾಗಿಬಿಟ್ಟಿತ್ತು. ಬಸ್ ಸ್ಟಾಪಿನಿಂದ ಸಮುದ್ರದವರೆಗಿನ ರಸ್ತೆಯ ಎರಡೂ ಕಡೆ ಗಾಜಿನ ಅಂಗಡಿಗಳು. ಒಳಗೆ ಸಾಮಾನು ಕಡಿಮೆಯಾದಷ್ಟೂ ಅಂಗಡಿ ದೊಡ್ಡದು. ಒಂದರಲ್ಲಿ ಒಂದೇ ಒಂದು ಚಪ್ಪಲಿ ಇತ್ತು, ಅದೂ ಎಡಗಾಲಿನದು, ಅದರ ಮೇಲೆ ಮೂರು ದೀಪ.

"ಬಲಗಾಲಿಂದು ಕೊಳ್ಳೋಕೆ ಮುಂದಿನ ವರ್ಷ ಬರಬೇಕೇನೋ," ಅಂದ ಮಾಮ.

ರಸ್ತೆ ಮುಗಿಯುವಲ್ಲಿ ಗೇಟು, ಗೇಟಿನಲ್ಲಿ ಕಾವಲುಗಾರ. ಅವನ ಇಸ್ತ್ರಿಯ ಮುಂದೆ ಮಾಮನ ಅಂಗಿ ನಾಚಿಕೊಂಡಿತು.

"ಒಳಗೆ ಗೆಸ್ಟ್‌ಗಳಿಗೆ ಮಾತ್ರ ಅಮ್ಮಾ. ಇಲ್ಲಾಂದ್ರೆ ದಿನದ ಪಾಸು ತಗೋಬೇಕು." ಅವನು ಹೇಳಿದ ಮೊತ್ತ ಕೇಳಿ ತಗಾದೆಗೆ ಎರಡು ತಿಂಗಳ ಮೆಸ್ ಬಿಲ್ಲು ಕಣ್ಣ ಮುಂದೆ ಬಂತು.

"ಸಮುದ್ರ ನೋಡೋಕೆ ದುಡ್ಡಾ?"

"ನೋಡೋಕಲ್ಲ. ನೋಡೋದಾದ್ರೆ ಇಲ್ಲಿಂದಾನೇ ನೋಡಿ, ನಾನೂ ದಿನಾ ಇಲ್ಲಿಂದಾನೇ ನೋಡೋದು. ಹತ್ತಿರ ಹೋಗೋಕೆ ದುಡ್ಡು."

"ಸಮುದ್ರ ಯಾರಪ್ಪಂದು?"

"ಸಮುದ್ರ ಯಾರದ್ದೂ ಅಲ್ಲಮ್ಮಾ. ಗೇಟು ನಮ್ಮದು."

ಕಾವಲುಗಾರ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಳಗೆ ಕೆಫೆ ಇದೆ. ಏನಾದ್ರೂ ಕುಡೀತೀವಿ ಅಂದ್ರೆ ಒಂದು ಗಂಟೆ ಬಿಡಬಹುದು. ಏನು ಕುಡೀತೀರಿ ಅಂತ ಕೇಳೋ ಅಧಿಕಾರ ನನಗಿಲ್ಲ."

ಗಂಟೆ ಹನ್ನೆರಡೂಕಾಲು. ಒಂದು ಗಂಟೆ ಸಾಲುವಂತಿತ್ತು. ಬಾಯಾರಿಕೆಯಾಗಿದೆ ಅಂತ ಇಬ್ಬರೂ ಅಲ್ಲಿಯೇ ಕಂಡುಕೊಂಡರು.

ಕೆಫೆ ಮರಳಿನ ಮೇಲೆ ಕಟ್ಟಿದ ಉದ್ದನೆಯ ಮರದ ಜಗಲಿ. ಅದರಾಚೆ ಬಿಳಿ ಛತ್ರಿಗಳು, ಛತ್ರಿಗಳ ಕೆಳಗೆ ಮಂಚಗಳು, ಮಂಚಗಳ ಮೇಲೆ ಎಣ್ಣೆ ಹಚ್ಚಿಕೊಂಡು ಎರಡೂ ಮಗ್ಗುಲು ಸಮನಾಗಿ ಬೇಯುತ್ತಿದ್ದ ಜನ. ಮೆನುವಿನಲ್ಲಿ ತೀರಾ ಅಗ್ಗದ್ದು ಕೊನೆಯ ಸಾಲಿನಲ್ಲಿತ್ತು, ನಾಲಿಗೆ ಹೊರಳದಂಥ ಹೆಸರು.

"ಇದೇನಣ್ಣ?" ಅಂತ ಕೇಳಿದಳು ತಗಾದೆ.

"ಬಿಸಿನೀರು ಮೇಡಂ," ಅಂದ ಸಪ್ಲೈಯರು. "ನಿಂಬೆಹಣ್ಣು ಇರುತ್ತೆ."

"ಹಿಂಡಿರ್ತೀರಾ?"

"ಇಲ್ಲ ಮೇಡಂ. ಒಂದು ಹೋಳು. ತೇಲುತ್ತೆ."

"ಒಂದು ಕೊಡಿ. ಎರಡು ಲೋಟ."

ಅಂಥ ಜಾಗಗಳಲ್ಲಿ ಅವಮಾನ ಮಾಡುವುದಕ್ಕೂ ತರಬೇತಿ ಇರುತ್ತದೆ: ನೀರು ತಂದಿಟ್ಟು, ಬಗ್ಗಿ, ಇನ್ನೇನೂ ಬೇಡವೇ ಅಂತ ಸಪ್ಲೈಯರು ಮೂರು ಸಲ ಕೇಳಿದ, ಮೂರು ಸಲವೂ ಅಷ್ಟೇ ನಯವಾಗಿ.

ನೀರು ಆರುವ ಮೊದಲೇ ತಗಾದೆ ಕಲ್ಲು ಹುಡುಕಲು ಎದ್ದಳು. ಹಳೆಯ ಗಡಿಕಲ್ಲು. ಡಿಪಾರ್ಟ್‌ಮೆಂಟಿನವರು ಬಣ್ಣಕ್ಕೆ ಕಾಸು ಕೊಡದ್ದಕ್ಕೆ ರೂಮ್‌ಮೇಟಿನ ಕೆಂಪು ನೇಲ್ ಪಾಲಿಶ್ ಬಳಿದು ಗುರುತು ಮಾಡಿದ್ದು. ಇರಬೇಕಾದ ಜಾಗದಲ್ಲಿ ಕಲ್ಲಿರಲಿಲ್ಲ. ಮರದ ಜಗಲಿಯ ಅಂಚಿತ್ತು. ಅವಳು ಎಣ್ಣೆಯ ಜನರ ಮಧ್ಯೆ ಹೊಟ್ಟೆ ಅಡಿಯಾಗಿ ಮಲಗಿ, ಹಲಗೆಗಳ ಸಂದಿಗೆ ಮೊಬೈಲಿನ ಬೆಳಕು ಬಿಟ್ಟಳು. ಕೆಳಗೆ, ಮೂರನೇ ಹಲಗೆಯಡಿ, ಕೆಂಪು ಚುಕ್ಕೆ.

"ಮಾಮ! ಕಲ್ಲು ಇಲ್ಲೇ ಇದೆ! ಇವರು ನನ್ನ ಕಲ್ಲಿನ ಮೇಲೆ ಕೆಫೆ ಕಟ್ಟಿದಾರೆ!"

ಮಾಮ ಚೀಲದಿಂದ ಕೋಲುಗಳನ್ನು ತೆಗೆದ. ಕಪ್ಪು ಬಿಳಿ ಪಟ್ಟೆ ಬಳಿದ, ಸೆಂಟಿಮೀಟರ್ ಗೆರೆ ಕೊರೆದ ಕೋಲುಗಳು. ಸಪ್ಲೈಯರು ಕೋಲು ನೋಡಿದ, ಗೆರೆ ನೋಡಿದ, ಮಾಮನ ಹಣೆ ನೋಡಿದ, ಜೇಬಿನ ಪೆನ್ನು ನೋಡಿದ, ಒಳಗೆ ಓಡಿದ.

ಒಂದು ನಿಮಿಷದೊಳಗೆ ಮ್ಯಾನೇಜರು ಬಂದರು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. "ಸಾರ್, ಒಂದು ಮಾತು ಮುಂಚೆ ಹೇಳಿದ್ರೆ ಗಾಡಿ ಕಳಿಸ್ತಿದ್ದೆನಲ್ಲ ಸಾರ್!"

"ಹೂಂ," ಅಂದ ಮಾಮ.

"ಸರ್ಕಾರದಿಂದ ದಂಡೆ ಅಳೆಯೋಕೆ ಹೋದ ವಾರಾನೇ ಬರ್ತಾರೆ ಅಂದಿದ್ರು. ನಾವು ರೆಡಿಯಾಗೇ ಇದ್ವಿ. ಏನಾದ್ರೂ ತಗೊಂಡ್ರಾ ಸಾರ್?" ಮ್ಯಾನೇಜರ ಕಣ್ಣು ನಿಂಬೆ ಹೋಳಿನ ಮೇಲೆ ಬಿತ್ತು. ಸಪ್ಲೈಯರ ಕಡೆ ತಿರುಗಿದ ಆ ಕಣ್ಣಿನಲ್ಲಿ ಒಂದು ನೌಕರಿಯ ಕೊನೆ ಕಾಣುತ್ತಿತ್ತು.

ಯಾರು, ಎಲ್ಲಿಂದ, ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಮಾಮ ಆಮೇಲೂ ಇದನ್ನೇ ಸಾಧಿಸುತ್ತಿದ್ದ. ಮ್ಯಾನೇಜರಿಗೆ ಹಣೆ ಅಗಲವಿದ್ದವನು ಸಾಹೇಬ, ಹೊಟ್ಟೆ ಅಡಿಯಾಗಿ ಮಲಗಿದವಳು ಸಾಹೇಬರ ಸಹಾಯಕಿ. ಬಾಕಿಯದನ್ನು ಅವರೇ ತುಂಬಿಕೊಂಡರು.

"ಈ ಹಲಗೆ ತೆಗೆಸಬೇಕು," ಅಂದಳು ತಗಾದೆ, ಮರಳು ಕೊಡವಿಕೊಳ್ಳುತ್ತಾ.

"ಈಗಲೇ ಮೇಡಂ."

ಒಂದು ವರ್ಷದಿಂದ ರೂಮಿನ ಫ್ಯಾನು ರಿಪೇರಿಗೆ ಒಂಬತ್ತು ಅರ್ಜಿ ಕೊಟ್ಟವಳು ಅವಳು. ಇಲ್ಲಿ ಬಡಗಿ ಮೂರು ನಿಮಿಷದಲ್ಲಿ ಬಂದ, ಸ್ಕ್ರೂ ಬಿಚ್ಚಿದ, ಹಲಗೆ ಎತ್ತಿ ಪಕ್ಕಕ್ಕಿಟ್ಟು ಕೈಮುಗಿದ. ಅಷ್ಟರಲ್ಲಿ ಮಾಮನ ಮುಂದೆ ತಟ್ಟೆಗಳು ಬರತೊಡಗಿದ್ದವು: ಹುರಿದ ಮೀನು, ಬೆಣ್ಣೆ ಸವರಿದ ಬ್ರೆಡ್ಡು, ಹೂವಿನಂತೆ ಕತ್ತರಿಸಿದ ಹಣ್ಣು.

"ಮಾಮ, ಬೇಡ. ನಾವು ಯಾರು ಅಂತ ಹೇಳಿಬಿಡೋಣ," ಅಂತ ಅವಳು ಪಿಸುಗುಟ್ಟಿದಳು.

"ಹೇಳು. ಒಂದು ಹತ್ತಾದ ಮೇಲೆ ಹೇಳು. ಈಗ ಹೇಳಿದ್ರೆ ಹಲಗೆ ವಾಪಸ್ ಮುಚ್ಚುತ್ತೆ." ಅವನು ಮೀನಿನ ಮುಳ್ಳು ಬಿಡಿಸಿದ. "ನಾವೇನಾದ್ರೂ ಸುಳ್ಳು ಹೇಳಿದೀವಾ? ನಾನು ಅವರಿಗೆ ಹೇಳಿದ್ದು ಹೂಂ ಒಂದೇ."

ಒಂದು ಗಂಟೆಗೆ ಕೆಲಸ ಶುರುವಾಯಿತು. ಈ ಕೆಲಸಕ್ಕೆ ಯಂತ್ರ ಬೇಡ, ಗಂಟಲು ಬೇಕು. ದಡದ ಕಡೆಯ ಕೋಲು ಮಾಮನದು, ನೀರಿನ ಕಡೆಯದು ತಗಾದೆಯದು, ಮಧ್ಯೆ ಎರಡು ಮೀಟರ್ ಹಗ್ಗ. ಮಾಮ ಒಂದು ಕಣ್ಣು ಮುಚ್ಚಿ, ಅವಳ ಕೋಲಿನ ತುದಿಯನ್ನು ದಿಗಂತಕ್ಕೆ ಸೇರಿಸಿ, ತನ್ನ ಕೋಲಿನಲ್ಲಿ ಎಷ್ಟು ಇಳಿದಿದೆ ಅಂತ ಕೂಗಬೇಕು. ಅವಳು ಅದನ್ನು ತಿರುಗಿ ಕೂಗಿ ಬರೆಯಬೇಕು. ಗಾಳಿಗೆ ಅಂಕಿ ತಪ್ಪದಿರಲಿ ಅಂತ ಗೈಡೇ ಕಲಿಸಿದ ಪದ್ಧತಿ.

"ಇಳಿಕೆ ಹದಿನಾಲ್ಕು!"

"ಹದಿನಾಲ್ಕು ಇಳಿಕೆ!"

ಮಂಚಗಳ ಮೇಲಿನ ಜನ ಒಬ್ಬೊಬ್ಬರಾಗಿ ತಲೆ ಎತ್ತಿದರು. ನೆಮ್ಮದಿಯನ್ನು ಗಂಟೆಯ ಲೆಕ್ಕದಲ್ಲಿ ಕೊಂಡವರು ಅವರು.

"ಅಣ್ಣಾ, ಆ ಛತ್ರಿ ಸ್ವಲ್ಪ ಮಡಚಿ. ದಿಗಂತಕ್ಕೆ ಅಡ್ಡ ಇದೆ," ಅಂದಳು ತಗಾದೆ ಒಬ್ಬರಿಗೆ. ಅವರು ಸಾರಿ ಕೇಳಿ ಮಡಚಿದರು. ಮ್ಯಾನೇಜರು ಹಿಂದೆಯೇ ಬಂದು ಉಳಿದ ಛತ್ರಿಗಳನ್ನು ತಾವೇ ಮಡಚಿದರು.

ಕೊನೆಯ ಸಾಲಿನಲ್ಲಿ ಒಂದೇ ಥರದ ಟೋಪಿ ಹಾಕಿದ ಗಂಡ ಹೆಂಡತಿ ಕೂತಿದ್ದರು. ಅವರ ಮಡಿಲಲ್ಲಿ ದಪ್ಪ ಕಾಗದದ ಬಣ್ಣದ ಪುಸ್ತಕ. "ಏನಮ್ಮಾ ಅಳೀತಿದೀರಾ?" ಅಂತ ಕೇಳಿದರು ಟೋಪಿಯ ಹೆಂಗಸು.

"ದಂಡೆ ಎಷ್ಟು ಉಳಿದಿದೆ ಅಂತ."

"ಉಳಿದಿದೆ ಅಂದ್ರೆ?"

ತಗಾದೆ ಆಗಲೇ ಮುಂದಿನ ಹೆಜ್ಜೆಗೆ ಹೋಗಿಯಾಗಿತ್ತು. ನಡೆಯುತ್ತಲೇ ಹಳೆಯ ಅಂಕಿಗಳನ್ನು ಮನಸ್ಸಿನಲ್ಲಿ ತಿರುವಿಹಾಕಿದಳು. ಮೊದಲ ಸಲ ಐವತ್ತೆರಡು ಮೀಟರ್. ಆಮೇಲೆ ನಲವತ್ತೇಳು, ನಲವತ್ತು, ಮೂವತ್ತಾರು. ಮಳೆಗಾಲದಲ್ಲಿ ಕರಗಿದ್ದು ಬೇಸಗೆಯಲ್ಲಿ ತುಂಬಿಕೊಳ್ಳುತ್ತದೆ, ಹೋದ ವರ್ಷದ ತಿಂಗಳು ಮರಳಿ ಬಂದಾಗ ಐವತ್ತರ ಹತ್ತಿರ ಬರಬೇಕು ಅಂತ ಲೆಕ್ಕ. ಹದಿನೈದನೇ ಹೆಜ್ಜೆಗೆ ಅವಳ ಕಾಲು ಒದ್ದೆಯಾಯಿತು. ಹಗ್ಗವನ್ನು ಅರ್ಧಕ್ಕೆ ಮಡಿಸಿ ಕೊನೆಯ ತುಂಡು ಅಳೆದಳು.

"ಒಟ್ಟು ಮೂವತ್ತೊಂದು!" ಅಂತ ಕೂಗಿದಳು.

ಮಾಮ ತಿರುಗಿ ಕೂಗಲಿಲ್ಲ. "ಸರಿಯಾಗಿ ಎಣಿಸಿದೆಯಾ?" ಅಂದ.

"ಎಣಿಸಿದೆ. ಕೂಗು."

"ಮೂವತ್ತೊಂದು ಒಟ್ಟು," ಅಂದ ಮಾಮ, ಸಣ್ಣಗೆ.

ಅವಳು ಕೋಲನ್ನು ನೀರಂಚಿನಲ್ಲಿ ನೆಟ್ಟಳು. ಇನ್ನು ಅಲ್ಲಿಂದ ಕಲ್ಲಿನವರೆಗೆ ವಾಪಸ್ ಅಳೆಯಬೇಕು. ಹೋಗುವಾಗಿನದೂ ಬರುವಾಗಿನದೂ ತಾಳೆಯಾದರೆ ಮಾತ್ರ ಅದು ಅಳತೆ. ಗಂಟೆ ಒಂದು ಹನ್ನೆರಡು. ಮ್ಯಾನೇಜರು ಬೂಟು ಒದ್ದೆ ಮಾಡಿಕೊಂಡು ಅಲ್ಲಿಗೇ ಬಂದರು, ಕೈಯಲ್ಲಿ ದಪ್ಪ ರಿಜಿಸ್ಟರು, ಅದರ ಮೇಲೆ ಅದೇ ಬಣ್ಣದ ಪುಸ್ತಕ.

"ಮೇಡಂ, ಸಾಹೇಬರಿಗೆ ಹೇಳಿ ಇದರಲ್ಲಿ ಎರಡು ಸಾಲು ಬರೆಸಿಬಿಡಿ. ಐವತ್ತೆರಡು ಅಂತಲೇ ಇರಲಿ. ನಮ್ಮ ಪುಸ್ತಕದಲ್ಲೂ ಅದೇ ಇದೆ, ತಜ್ಞರೇ ಅಳೆದು ಕೊಟ್ಟಿದ್ದು. ಹಿಂದೆ ವಿಲ್ಲಾಗಳು ಬರ್ತಿವೆ ಮೇಡಂ, ಆ ಟೋಪಿಯವರು ಇವತ್ತು ಸಂಜೆ ಮುಂಗಡ ಕೊಡೋರು."

ತಗಾದೆ ಪುಸ್ತಕ ತೆರೆದಳು. ನೀಲಿ ಸಮುದ್ರ, ಬಿಳಿ ಮನೆ, ಅದರ ಕೆಳಗೆ ದಪ್ಪಕ್ಷರದಲ್ಲಿ: ಶಾಶ್ವತವಾದ ಐವತ್ತೆರಡು ಮೀಟರ್ ದಂಡೆ. ಪಕ್ಕದಲ್ಲಿ ತಜ್ಞರ ಫೋಟೋ. ತಜ್ಞರು ಕುರ್ಚಿಯಲ್ಲಿ ಒರಗಿ ಕೂತಿದ್ದರು. ಅವಳ ಗೈಡು.

ಈ ದಂಡೆಗೆ ಗೈಡು ಒಂದು ದಿನವೂ ಕಾಲಿಟ್ಟವರಲ್ಲ. ಬಿಸಿಲು ಅವರಿಗೆ ಆಗಿಬರುತ್ತಿರಲಿಲ್ಲ.

"ಈ ಐವತ್ತೆರಡು ನಂದು," ಅಂದಳು.

"ನಿಮ್ಮದು ಅಂದ್ರೆ ಮೇಡಂ?"

"ನಾನು ಅಳೆದಿದ್ದು. ಹೋದ ವರ್ಷ. ಆ ಕಲ್ಲಿಗೆ ಬಳಿದಿರೋದು ನನ್ನ ರೂಮ್‌ಮೇಟ್ ನೇಲ್ ಪಾಲಿಶ್. ನಾನು ಎಂ.ಎ. ಎರಡನೇ ವರ್ಷ. ಇವನು ಸಾಹೇಬ ಅಲ್ಲ, ನನ್ನ ಕ್ಲಾಸ್‌ಮೇಟು. ಇದು ಈಗ ಮೂವತ್ತೊಂದು."

ಮ್ಯಾನೇಜರು ಮಾಮನ ಕಡೆ ನೋಡಿದರು. ಮಾಮ ಅಭ್ಯಾಸಬಲದಿಂದ "ಹೂಂ" ಅಂದ.

ಮರ್ಯಾದೆ ಇಳಿಯುವುದಕ್ಕೆ ಸಮುದ್ರದ ಹಾಗೆ ಆರು ಗಂಟೆ ಬೇಕಾಗಿಲ್ಲ. "ಏನು ಮೇಡಂ ಇದು... ಏನಮ್ಮಾ ಇದು... ಏನು ಅಂದ್ಕೊಂಡಿದ್ದೀಯಾ ನೀನು?" ಅಂತ ಮೂರೇ ಉಸಿರಿನಲ್ಲಿ ಮ್ಯಾನೇಜರು ಕೆಳಗಿಳಿದುಬಂದರು. ಆಮೇಲೆ ಫೋನು ತೆಗೆದು ಆ ಕಡೆಯವರಿಗೆ ಏನೇನೋ ಹೇಳಿ, ಅದನ್ನು ಅವಳ ಕಿವಿಗೆ ಹಿಡಿದರು.

"ಏನಮ್ಮಾ, ಊಟ ಆಯ್ತಾ?" ಅಂದರು ಗೈಡು. ಎರಡು ವರ್ಷದಲ್ಲಿ ಅವರು ಇದನ್ನು ಕೇಳಿದ್ದು ಮೊದಲ ಸಲ.

"ಸರ್, ಐದನೇ ಅಳತೆ ಮೂವತ್ತೊಂದು ಬಂತು. ವಾಪಸ್ ಅಳೆಯೋದು ಬಾಕಿ ಇದೆ."

"ಬಿಡು ಅದನ್ನ. ಬಿಸಿಲಲ್ಲಿ ಯಾಕೆ ಒದ್ದಾಡ್ತೀಯಾ? ನಾಲ್ಕು ಸಾಕು."

"ಐದು ಬೇಕೇ ಬೇಕು ಅಂದಿದ್ರಿ."

"ಅಂದಿದ್ದೆ. ಈಗ ಬೇಡ ಅಂತಿದೀನಿ. ಇಳಿದಿದ್ದು ಸೀಸನ್ನು, ಮತ್ತೆ ತುಂಬಿಕೊಳ್ಳುತ್ತೆ ಅಂತ ಕೊನೇ ಸಾಲು ಬರೆದು ಮುಗಿಸು. ನಾಳೆ ಬೆಳಿಗ್ಗೆನೇ ಬಾ, ಸಹಿ ಹಾಕಿಕೊಡ್ತೀನಿ."

"ಸರ್, ಹೋದ ವರ್ಷವೂ ಇದೇ ತಿಂಗಳು, ಇಂಥದ್ದೇ ಇಳಿತ. ಸೀಸನ್ ಎಲ್ಲಿಂದ ಬಂತು?"

ಆ ಕಡೆ ಕುರ್ಚಿ ಕಿರುಗುಟ್ಟಿತು. "ನೋಡಮ್ಮಾ. ವಾಪಸ್ ಅಳೆಯದಿದ್ರೆ ಅದು ಅಳತೇನೇ ಅಲ್ಲ. ಕಲ್ಲಿನ ಹತ್ತಿರ ಹೋಗಬೇಡ, ಅಷ್ಟೇ. ನೀನು ಸುಳ್ಳು ಬರೆದ ಹಾಗೂ ಆಗಲ್ಲ. ಅರ್ಧ ವರ್ಷ ಹಾಳುಮಾಡಿಕೊಳ್ತೀಯೋ, ಹಾಸ್ಟೆಲ್ ಉಳಿಸಿಕೊಳ್ತೀಯೋ, ನಿನಗೆ ಬಿಟ್ಟಿದ್ದು."

ತಗಾದೆ ಫೋನನ್ನು ಮ್ಯಾನೇಜರ ಕೈಗೆ ಕೊಟ್ಟಳು. ಬಿಟ್ಟುಹೋಗುವುದು ಸುಲಭವಿತ್ತು, ಏನೂ ಮಾಡಬೇಕಾಗಿರಲಿಲ್ಲ. ನಾಳೆ ಬೆಳಿಗ್ಗೆ ಸಹಿ, ಮುಂದಿನ ತಿಂಗಳು ಪದವಿ, ಅಪ್ಪ ಪಕ್ಕದ ಮನೆಯವರಿಗೆ ಹೇಳಿಕೊಳ್ಳಲು ಒಂದು ವಿಷಯ. ಅಲೆ ಬಂದು ನೆಟ್ಟ ಕೋಲಿನ ಬುಡ ನೆಕ್ಕಿ ಹೋಯಿತು. ನೀರು ತಿರುಗುತ್ತಿತ್ತು.

"ಏನಂದ್ರು?" ಅಂತ ಕೇಳಿದ ಮಾಮ.

"ನಾಳೆ ಸಹಿ ಹಾಕ್ತಾರಂತೆ."

"ಮತ್ತಿನ್ನೇನು? ನಡಿ." ಎರಡು ಕ್ಷಣ ಅವಳ ಮುಖ ನೋಡಿ ಅವನೇ ನಿಟ್ಟುಸಿರು ಬಿಟ್ಟ. "ಅಯ್ಯೋ ತಾಯೀ. ಬಲ್ಬಿಗೇ ಬಿಟ್ಟವಳಲ್ಲ, ಇದಕ್ಕೆ ಬಿಡ್ತೀಯಾ? ಹಿಡಿ ಹಗ್ಗ."

ಮ್ಯಾನೇಜರು ಕಾವಲುಗಾರನನ್ನು ಕೂಗಿದರು. ಕಾವಲುಗಾರ ಬಂದ. ಆದರೆ ಮರಳಿನಲ್ಲಿ ಬೂಟು ಹಾಕಿ ನಡೆಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಕಲಿಸಿದ್ದರೂ ಅವನು ಅಷ್ಟು ಬೇಗ ಬರುವ ಹಾಗೆ ಕಾಣಲಿಲ್ಲ. ಇತ್ತ ಮಾಮ ಕೂಗತೊಡಗಿದ. ಈ ಸಲ ಆಫೀಸಿನ ಆರು ವರ್ಷದ ಹೂಂಗಳನ್ನೆಲ್ಲ ಒಟ್ಟಿಗೆ ಹೊರಹಾಕುವವನ ಹಾಗೆ.

"ಏಳು ಇಳಿಕೆ!"

"ಇಳಿಕೆ ಏಳು!"

"ಏ, ಸಾಕು ನಿಲ್ಲಿಸಿ! ಗೆಸ್ಟ್‌ಗಳಿಗೆ ತೊಂದರೆ ಆಗ್ತಿದೆ!" ಮ್ಯಾನೇಜರು ಪಕ್ಕದಲ್ಲೇ ಓಡುತ್ತಿದ್ದರು.

ಗೆಸ್ಟ್‌ಗಳಿಗೆ ತೊಂದರೆಯಾದಂತೇನೂ ಕಾಣಲಿಲ್ಲ. ಎಣ್ಣೆ ಹಚ್ಚಿಕೊಂಡ ಮೈಗಳು ಮಂಚದಿಂದೆದ್ದು ದಾರಿ ಬಿಟ್ಟವು. ಬೆಳಗಿನಿಂದ ಅಲ್ಲಿ ನಡೆದ ಸಂಗತಿ ಅದೊಂದೇ. ಟೋಪಿಯ ಗಂಡಸು ಪುಸ್ತಕ ಹಿಡಿದು ಹಿಂದೆ ಹಿಂದೆ ಬಂದು, ಹೆಜ್ಜೆಗಳನ್ನು ತಾವೂ ಬೆರಳಿನಲ್ಲಿ ಎಣಿಸುತ್ತಿದ್ದರು. ತಗಾದೆ ಕೋಲನ್ನು ಕೆಂಪು ಚುಕ್ಕೆಯ ಮೇಲೆ ಊರಿ ಲೆಕ್ಕ ಕೂಡಿಸಿದಳು. ಮೂವತ್ತೊಂದು ಮೀಟರ್, ಹನ್ನೆರಡು ಸೆಂಟಿಮೀಟರ್. ತಾಳೆಯಾಯಿತು.

"ಇದು ನಮ್ಮ ಪುಸ್ತಕದ ದಂಡೇನೇ ತಾನೇ?" ಅಂತ ಕೇಳಿದರು ಟೋಪಿಯ ಗಂಡಸು.

"ಅದೇ. ಹೋದ ವರ್ಷದ್ದು ನಿಮ್ಮ ಪುಸ್ತಕದಲ್ಲಿದೆ, ಈ ವರ್ಷದ್ದು ನಿಮ್ಮ ಮುಂದಿದೆ."

ಟೋಪಿಯ ಹೆಂಗಸು ಬೆರಳು ಮಡಚುತ್ತಾ ಒಂದೇ ವರ್ಷದಲ್ಲಿ ಹೋದ ಇಪ್ಪತ್ತೊಂದನ್ನು ಉಳಿದ ಮೂವತ್ತೊಂದರೊಳಗೆ ಕಳೆದು ನೋಡಿ, ಗಂಡನ ಕಡೆ ತಿರುಗಿದರು. "ರೀ, ನಾನು ಬೆಟ್ಟದ ಕಡೆ ತಗೊಳ್ಳೋಣ ಅಂತ ಆಗಲೇ ಬಡ್ಕೊಂಡೆ. ನನ್ನ ಮಾತು ಯಾರು ಕೇಳ್ತಾರೆ?"

ಮೀನಿನ ಬಿಲ್ಲನ್ನು ಯಾರೂ ಕೇಳಲಿಲ್ಲ. ಇವರಿಬ್ಬರೂ ಎಷ್ಟು ಬೇಗ ಗೇಟು ದಾಟಿದರೆ ಅಷ್ಟು ಉಳಿತಾಯ ಅಂತ ಮ್ಯಾನೇಜರು ಲೆಕ್ಕ ಹಾಕಿರಬೇಕು. ಬಿಸಿನೀರಿನ ದುಡ್ಡನ್ನು ಮಾತ್ರ ಸಪ್ಲೈಯರು ಬೆನ್ನಟ್ಟಿ ಬಂದು ಇಸಕೊಂಡ.

ಗೈಡು ಮಾತಿನಂತೆ ನಡೆದುಕೊಂಡರು: ಸಹಿ ಹಾಕಲಿಲ್ಲ. ಪ್ರಬಂಧ ಕೊಡುವ ದಿನ ಬಂತು, ಹೋಯಿತು. ಮಾಮ ಪಾಸಾದ. ತಗಾದೆಯ ಮಂಚಕ್ಕೆ ಹೊಸ ಹುಡುಗಿ ಬಂದಳು. ತಗಾದೆ ಟ್ರಂಕು ಹೊತ್ತು ಊರಾಚೆಯ ಚಿಕ್ಕಮ್ಮನ ಮನೆಯ ನಡುಮನೆಯಲ್ಲಿ, ಹೊಲಿಗೆ ಮಿಷನ್ನಿಗೂ ಗೋಡೆಗೂ ಮಧ್ಯೆ ಚಾಪೆ ಹಾಸಿಕೊಂಡಳು. "ಒಂದು ಅಂಕಿಗೋಸ್ಕರ ಯಾರಾದ್ರೂ ಮನೆ ಬಿಡ್ತಾರೇನೇ?" ಅಂದರು ಚಿಕ್ಕಮ್ಮ. ವಿಲ್ಲಾ ಬಿಟ್ಟ ಟೋಪಿಯವರ ಬಗ್ಗೆ ಹೇಳಿದ ಮೇಲೆ, "ಓ, ಹಾಗಾದ್ರೆ ಬಿಡ್ತಾರೆ," ಅಂದರು.

ನಿಯಮದ ಪ್ರಕಾರ ಗೈಡನ್ನು ಬದಲಾಯಿಸಬಹುದು, ಇನ್ನೊಬ್ಬರು ಒಪ್ಪಿದರೆ. ಡಿಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಐದು ಬಾಗಿಲು. ಮೊದಲನೆಯವರು ಪ್ರಬಂಧ ಓದಿ, ತುಂಬ ಚೆನ್ನಾಗಿದೆ, ಆದರೆ ತಮಗೆ ನಿವೃತ್ತಿಗೆ ಎರಡೇ ವರ್ಷ ಇದೆ ಅಂದರು. ಎರಡನೆಯವರು ಓದಿ, ದೇಶಕ್ಕೆ ಇಂಥವರು ಬೇಕು ಅಂತ ಬೆನ್ನು ತಟ್ಟಿ ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಮೂರನೆಯವರು ಅದನ್ನು ಮುಟ್ಟಲಿಲ್ಲ. ಸೊಟ್ಟ ಕಾಲಿನ ಮರದ ಕುರ್ಚಿಯ ಮೇಲೆ ಒಂದು ಮಗ್ಗುಲಿಗೆ ಕೂತಿದ್ದರು. ಡಿಪಾರ್ಟ್‌ಮೆಂಟಿಗೆ ಬಂದಿದ್ದ ಒಂದೇ ಒಂದು ಚಕ್ರದ ಕುರ್ಚಿ ಸರದಿಯಲ್ಲಿ ತಮಗೆ ಬರಬೇಕಿತ್ತು, ತಗಾದೆಯ ಗೈಡು ರಜೆಯ ದಿನ ಬಂದು ಅದನ್ನು ತಮ್ಮ ಕೋಣೆಗೆ ತಳ್ಳಿಕೊಂಡು ಹೋದರು ಅಂತ ಅವರು ಅವಳಿಗೆ ಇಪ್ಪತ್ತು ನಿಮಿಷ ವಿವರಿಸಿದರು. ಆಮೇಲೆ ಪ್ರಬಂಧದ ಮೇಲೆ ಕೈಯಿಟ್ಟು ಕೇಳಿದರು.

"ಇದರಿಂದ ಅವನಿಗೆ ತೊಂದರೆ ಇದೆಯಾ?"

"ಇದೆ ಸರ್."

"ಎಷ್ಟು?"

"ಇಪ್ಪತ್ತೊಂದು ಮೀಟರ್."

"ಪೆನ್ನು ಕೊಡು," ಅಂದರು ಮೇಷ್ಟ್ರು.